ಮರದ ಗಾಣದ ಎಣ್ಣೆ ಘಟಕ: ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಮಾಡಬೇಕಾದ ಕೆಲಸ

ಮರದ ಗಾಣ ಹಾಕಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಯಂತ್ರವನ್ನು. ಗಾಣ ಮಾರುವವರ ವಿಡಿಯೊ ನೋಡಿ, ಫೋನ್ ಮಾಡಿ, ಮುಂಗಡ ಕೊಟ್ಟು, ಆಮೇಲೆ ಜಾಗ, ಆಮೇಲೆ ಕರೆಂಟು, ಕೊನೆಗೆ ಗಿರಾಕಿ. ಈ ವ್ಯಾಪಾರ ಕೈ ಹಿಡಿಯಬೇಕಾದರೆ ಕ್ರಮ ಪೂರ್ತಿ ತಿರುಗಬೇಕು. ಗಾಣದ ಎಣ್ಣೆಯ ಲಾಭ ನಿಂತಿರುವುದು ಮೂರರ ಮೇಲೆ: ಬೀಜ ಎಷ್ಟಕ್ಕೆ ಬಂತು, ಹಿಂಡಿ ಎಷ್ಟಕ್ಕೆ ಹೋಯಿತು, ಎಣ್ಣೆಯನ್ನು ನೇರವಾಗಿ ಮನೆಗೆ ಮಾರಿದಿರೋ ಅಂಗಡಿಯ ಮೂಲಕವೋ. ಗಾಣ ಯಾವ ಊರಿನದು, ಎಷ್ಟು ಹೊಳೆಯುತ್ತದೆ ಎಂಬುದು ಇವುಗಳ ನಂತರದ ಮಾತು.

ಇಲ್ಲಿ ತೆಗೆದುಕೊಂಡಿರುವುದು ತಾಲ್ಲೂಕು ಕೇಂದ್ರದಲ್ಲೋ ದೊಡ್ಡ ಹಳ್ಳಿಯಲ್ಲೋ ನಡೆಸಬಹುದಾದ ಒಂದೇ ಗಾಣದ ಘಟಕ: ಒಮ್ಮೆಗೆ 15 ಕೆಜಿ ಬೀಜ ಹಿಡಿಯುವ ಒರಳು, 3 ಎಚ್‌ಪಿ ಮೋಟರು, ಒಬ್ಬ ಕೆಲಸಗಾರ, ಜೊತೆಗೆ ನೀವು. ಮುಖ್ಯ ಎಣ್ಣೆ ಶೇಂಗಾ. ಜೊತೆಗೆ ಕೊಬ್ಬರಿ, ಎಳ್ಳು.

ಮೊದಲ ಹೆಜ್ಜೆ: ಬೇರೆಯವರ ಗಾಣದಲ್ಲಿ ನಿಮ್ಮ ಬೀಜ

ನಿಮ್ಮ ಸುತ್ತಲಿನ ಮಾರುಕಟ್ಟೆಯಿಂದ 45 ಕೆಜಿ ಶೇಂಗಾ ಬೀಜ ಕೊಂಡು, ಕೂಲಿಗೆ ಆಡಿಸಿಕೊಡುವ ಗಾಣಕ್ಕೆ ಒಯ್ಯಿರಿ. ಮೂರು ಬ್ಯಾಚ್ ಆಡಿಸಿ. ಪ್ರತಿ ಬ್ಯಾಚಿಗೂ ನಾಲ್ಕು ತೂಕ ಬರೆದುಕೊಳ್ಳಿ: ಕೆಟ್ಟ ಬೀಜ ಆರಿಸಿ ತೆಗೆಯುವ ಮೊದಲಿನ ತೂಕ, ಆರಿಸಿದ ಮೇಲಿನ ತೂಕ, ಇಳಿದ ಎಣ್ಣೆ, ಉಳಿದ ಹಿಂಡಿ. ವಾರ ಬಿಟ್ಟು ಗಸಿ ಕೂತ ಮೇಲೆ ತಿಳಿ ಎಣ್ಣೆಯನ್ನು ಇನ್ನೊಮ್ಮೆ ತೂಗಿ. ಈ ಐದು ಅಂಕಿ ಕೈಯಲ್ಲಿದ್ದರೆ ಯಂತ್ರ ಮಾರುವವರು ಹೇಳುವ ಯಾವ ಇಳುವರಿಯನ್ನೂ ನಂಬಬೇಕಾಗಿಲ್ಲ.

ಚೆನ್ನಾಗಿ ಒಣಗಿದ ಒಳ್ಳೆಯ ಬೀಜವಾದರೆ 15 ಕೆಜಿಗೆ ಸುಮಾರು 6 ಕೆಜಿ ಎಣ್ಣೆ ಇಳಿಯುತ್ತದೆ, ಅಂದರೆ ನೂರಕ್ಕೆ 40. ಗಸಿ ಕಳೆದು 5.7 ಕೆಜಿಯಷ್ಟು ತಿಳಿ ಎಣ್ಣೆ ಉಳಿಯುತ್ತದೆ. ಶೇಂಗಾ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುವುದರಿಂದ ಇದು 6.3 ಲೀಟರ್. ಹಿಂಡಿ ಎಂಟೂವರೆ ಕೆಜಿಯ ಆಸುಪಾಸು. ಗಾಣ ಎಷ್ಟೇ ಚೆನ್ನಾಗಿ ತಿರುಗಿದರೂ ಹಿಂಡಿಯಲ್ಲಿ ನೂರಕ್ಕೆ ಹತ್ತು ಹನ್ನೆರಡರಷ್ಟು ಎಣ್ಣೆ ಉಳಿಯುತ್ತದೆ. ಅದು ಗಾಣದ ಸ್ವಭಾವ. ಗಾಣದ ಹಿಂಡಿಗೆ ಹೈನುಗಾರರು ಒಳ್ಳೆಯ ಬೆಲೆ ಕೊಡುವುದೂ ಅದಕ್ಕೇ. ಆದ್ದರಿಂದ ‘ನೂರಕ್ಕೆ 48 ಎಣ್ಣೆ ತೆಗೆಯುತ್ತದೆ’ ಎನ್ನುವ ಗಾಣದ ಜಾಹೀರಾತು ಕಂಡರೆ ಅಲ್ಲಿಂದ ಮುಂದಕ್ಕೆ ಹೋಗಿ. ಬೀಜದಲ್ಲಿರುವ ಒಟ್ಟು ಎಣ್ಣೆಯೇ ಹೆಚ್ಚುಕಡಿಮೆ ಅಷ್ಟು.

ಉಳಿದವುಗಳ ಲೆಕ್ಕವೂ ಗೊತ್ತಿರಲಿ. ಒಂದು ಲೀಟರಿಗೆ ಶೇಂಗಾ ಬೀಜ 2.4 ಕೆಜಿ, ಎಳ್ಳು 2.3ರಿಂದ 2.5 ಕೆಜಿ, ಒಣ ಕೊಬ್ಬರಿ 1.6ರಿಂದ 1.7 ಕೆಜಿ ಬೇಕು. ಉತ್ತರ ಕರ್ನಾಟಕದ ಮನೆಗಳಿಗೆ ಪ್ರಿಯವಾದ ಕುಸುಬೆಯಲ್ಲಿ ಸಿಪ್ಪೆಯೇ ಹೆಚ್ಚು. ಲೀಟರಿಗೆ 4 ಕೆಜಿ ದಾಟುತ್ತದೆ. ಬೀಜ ಅಗ್ಗವಾಗಿ ಕಂಡರೂ ಎಣ್ಣೆ ಅಗ್ಗವಾಗುವುದಿಲ್ಲ.

ಎರಡನೆಯದು: ಕಾಗದದ ಮೇಲೆ ಒಂದು ಲೀಟರು

ಕೆಳಗಿನ ದರಗಳು ಲೆಕ್ಕ ಹಾಕುವ ಬಗೆ ತೋರಿಸಲು ಇಟ್ಟುಕೊಂಡ ಉದಾಹರಣೆ. ನಿಮ್ಮ ಊರಿನ ಈ ವಾರದ ದರ ಹಾಕಿಕೊಂಡು ಹೊಸದಾಗಿ ಬರೆಯಿರಿ.

ಬೀಜ ಕೆಜಿಗೆ 130 ರೂಪಾಯಿ ಎಂದುಕೊಳ್ಳೋಣ. ಆರಿಸಿದ ಮೇಲೆ 15 ಕೆಜಿ ಸಿಗಬೇಕಾದರೆ ಹದಿನೈದೂವರೆ ಕೆಜಿ ಕೊಳ್ಳಬೇಕು: 2,015 ರೂಪಾಯಿ. ಎಂಟೂವರೆ ಕೆಜಿ ಹಿಂಡಿ ಕೆಜಿಗೆ 40ರಂತೆ ಹೋದರೆ 340 ವಾಪಸು. ಉಳಿದ 1,675ನ್ನು 6.3 ಲೀಟರಿಗೆ ಹಂಚಿದರೆ ಲೀಟರಿಗೆ 266. ಇದಕ್ಕೆ ಬಾಟಲಿ, ಮುಚ್ಚಳ, ಲೇಬಲ್, ರಟ್ಟಿನ ಪೆಟ್ಟಿಗೆ ಸೇರಿ 20, ಕರೆಂಟು 3, ಸೋಸುವ ಬಟ್ಟೆ ಮತ್ತು ಎಣ್ಣೆ ಪರೀಕ್ಷೆಯ ಪಾಲು 3. ಒಟ್ಟು 292 ರೂಪಾಯಿ. ಇದು ಪ್ರತಿ ಲೀಟರಿನ ಜೊತೆ ಬರುವ ಖರ್ಚು.

ಎಣ್ಣೆ ಮಾರಲಿ ಬಿಡಲಿ ತಿಂಗಳಿಗೆ ಕೊಡಲೇಬೇಕಾದದ್ದು ಬೇರೆ: ಕೂಲಿ ದಿನಕ್ಕೆ 600ರಂತೆ 26 ದಿನಕ್ಕೆ 15,600, ಬಾಡಿಗೆ 8,000, ಸಾಲದ ಕಂತು 8,000, ಸಾಗಾಟ, ಫೋನು, ರಿಪೇರಿಗೆ 5,000. ಒಟ್ಟು 36,600.

ಲೀಟರಿಗೆ 400ರಂತೆ ನೇರವಾಗಿ ಮನೆಗೆ ಮಾರಿದರೆ 108 ಉಳಿಯುತ್ತದೆ. 36,600ನ್ನು 108ರಿಂದ ಭಾಗಿಸಿದರೆ ತಿಂಗಳಿಗೆ 339 ಲೀಟರ್, ಅಂದರೆ ದಿನಕ್ಕೆ ಎರಡು ಬ್ಯಾಚ್ ಆಡಿಸಿದರೆ ಕೈಯಿಂದ ಹೋಗುವುದು ನಿಲ್ಲುತ್ತದೆ. ಅದೇ ಎಣ್ಣೆಯನ್ನು ಅಂಗಡಿಗೆ ಕೊಟ್ಟು, ಅಂಗಡಿಯವರು ನೂರಕ್ಕೆ 15 ಇಟ್ಟುಕೊಂಡರೆ ನಿಮ್ಮ ಕೈಗೆ 340. ಲೀಟರಿಗೆ ಉಳಿಯುವುದು 48. ಆಗ ಬೇಕಾಗುವುದು ತಿಂಗಳಿಗೆ 763 ಲೀಟರ್, ದಿನಕ್ಕೆ ಸುಮಾರು ಐದು ಬ್ಯಾಚ್. ಬೀಜ ಆರಿಸುವುದು, ಒಣಗಿಸುವುದು, ಒರಳು ಒರೆಸುವುದು ಎಲ್ಲ ಸೇರಿ ಒಬ್ಬ ಕೆಲಸಗಾರನಿಂದ ದಿನಕ್ಕೆ ಆರು ಬ್ಯಾಚ್ ಆಗುವುದೇ ಹೆಚ್ಚು. ಅಂದರೆ ಅಂಗಡಿಯನ್ನೇ ನಂಬಿದ ಗಾಣ ಹೆಚ್ಚುಕಡಿಮೆ ಪೂರ್ತಿ ದಿನ ತಿರುಗಿದರೂ ಮಾಲೀಕನಿಗೆ ಸಂಬಳ ಹುಟ್ಟುವುದಿಲ್ಲ. ಜಿಎಸ್‌ಟಿ ನೋಂದಣಿ ಆದಮೇಲೆ ನೂರಕ್ಕೆ 5 ತೆರಿಗೆಯೂ ಇದೇ 340ರೊಳಗಿಂದ ಹೋಗಬೇಕು.

ಬೀಜದ ದರ ಕೆಜಿಗೆ 10 ರೂಪಾಯಿ ಏರಿದರೆ ಲೀಟರಿಗೆ 25 ರೂಪಾಯಿ ಹೆಚ್ಚು ಬೀಳುತ್ತದೆ. ಇಳುವರಿ 40ರಿಂದ 37ಕ್ಕೆ ಇಳಿದರೆ ಸುಮಾರು 20 ರೂಪಾಯಿ. ಹಿಂಡಿ ಕೆಜಿಗೆ 40ರ ಬದಲು 30ಕ್ಕೆ ಹೋದರೆ 13 ರೂಪಾಯಿ. ಮೂರೂ ಒಂದೇ ತಿಂಗಳಲ್ಲಿ ಬರಬಹುದು. ಬೇಸಿಗೆಯ ಕೊನೆಗೆ ಹಳೆಯ ಬೀಜ ದುಬಾರಿಯಾದಾಗ ಬರುವುದೂ ಉಂಟು. ಆ ತಿಂಗಳಲ್ಲಿ ಅಂಗಡಿಗೆ ಕೊಟ್ಟ ಪ್ರತಿ ಲೀಟರಿನಲ್ಲೂ ನಷ್ಟ.

ಈ ಕಾರಣಕ್ಕೆ ಎಣ್ಣೆಗೆ ಗಿರಾಕಿ ಹುಡುಕುವ ಮೊದಲೇ ಹಿಂಡಿಗೆ ಗಿರಾಕಿ ಗೊತ್ತುಮಾಡಿಕೊಳ್ಳಬೇಕು. ಎರಡು ಮೂರು ಹಸು ಎಮ್ಮೆ ಕಟ್ಟಿರುವ ಹತ್ತು ಮನೆಗಳು, ಊರಿನ ಹಾಲು ಉತ್ಪಾದಕರ ಸಂಘದ ಬಾಗಿಲಲ್ಲಿ ಒಂದು ಫಲಕ, ಇಷ್ಟು ಸಾಕು. ಹಿಂಡಿಯನ್ನು ಬಿಸಿಯಿರುವಾಗಲೇ ಚೀಲಕ್ಕೆ ತುಂಬಬೇಡಿ. ಬೆವರಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಶೇಂಗಾ ಹಿಂಡಿ ತಿಂದ ರಾಸಿನ ಹಾಲಿಗೂ ವಿಷ ಇಳಿಯುತ್ತದೆ. ಹರಡಿ ಆರಿಸಿ, ಹದಿನೈದು ದಿನದೊಳಗೆ ಖಾಲಿ ಮಾಡಿ.

ಮೂರನೆಯದು: ಗಿರಾಕಿ ಯಾರು

ಕೂಲಿಗೆ ಆಡಿಸಿಕೊಡುವ ಕೆಲಸವನ್ನು ಹೊಸಬರು ಕಡೆಗಣಿಸುತ್ತಾರೆ. ಅದು ಸರಿಯಲ್ಲ. ಹೊಲದಲ್ಲಿ ಶೇಂಗಾ ಬೆಳೆದವರು, ತೋಟದಲ್ಲಿ ತೆಂಗು ಇರುವವರು ತಮ್ಮದೇ ಬೀಜ ತಂದು ತಮ್ಮದೇ ಕ್ಯಾನಿನಲ್ಲಿ ಎಣ್ಣೆ ಒಯ್ಯುತ್ತಾರೆ. ನಿಮಗೆ ಬೀಜದ ಬಂಡವಾಳ ಬೇಡ, ದರದ ಏರಿಳಿತದ ಭಯವಿಲ್ಲ, ಬಾಟಲಿ ಬೇಡ. ಶೇಂಗಾ ಸೀಮೆಯಾದ ಚಳ್ಳಕೆರೆ, ಪಾವಗಡ, ಹಿರಿಯೂರು ಕಡೆಯಲ್ಲಿ, ಕೊಬ್ಬರಿಯ ತಿಪಟೂರು, ಅರಸೀಕೆರೆ ಕಡೆಯಲ್ಲಿ ಗಾಣವೊಂದು ಮೊದಲ ವರ್ಷ ಬಾಡಿಗೆ ಮತ್ತು ಕೂಲಿಯನ್ನು ಈ ಕೆಲಸದಿಂದಲೇ ತೂಗಿಸಿಕೊಳ್ಳಬಹುದು. ಬೆಳಿಗ್ಗೆ ಸ್ವಂತ ಎಣ್ಣೆ, ಮಧ್ಯಾಹ್ನದ ಮೇಲೆ ಕೂಲಿಯದ್ದು ಎಂದು ಹೊತ್ತು ಬೇರೆ ಮಾಡಿಕೊಳ್ಳಿ. ಯಾರೋ ತಂದ ಮುಗ್ಗಿದ ಬೀಜದ ವಾಸನೆ ಮರಕ್ಕೆ ಹತ್ತಿದರೆ ಮುಂದಿನ ನಿಮ್ಮ ಬ್ಯಾಚಿಗೂ ಬರುತ್ತದೆ. ಅಂಥ ಬೀಜವನ್ನು ನಯವಾಗಿ ತಿರುಗಿಸಿ ಕಳಿಸಿ.

ಸ್ವಂತ ಎಣ್ಣೆಗೆ ತಿಂಗಳು ತಿಂಗಳು ಕೊಳ್ಳುವ ಮನೆಗಳ ಪಟ್ಟಿ ಬೇಕು. ಐದು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಎಂದು ಹಿಡಿದರೆ, ಮೇಲಿನ 339 ಲೀಟರಿಗೆ ಸುಮಾರು 115 ಮನೆಗಳು. ಯಂತ್ರ ಕೊಳ್ಳುವ ಮೊದಲೇ, ಕೂಲಿಗೆ ಆಡಿಸಿ ತಂದ ಆ ಎಣ್ಣೆಯನ್ನು ಪರಿಚಯದವರಿಗೆ ರುಚಿ ನೋಡಲು ಕೊಡಿ. ತಿಂಗಳಾದ ಮೇಲೆ ಎಷ್ಟು ಜನ ತಾವಾಗಿ ಇನ್ನೊಮ್ಮೆ ಕೇಳಿದರು ಎಂಬುದನ್ನು ಮಾತ್ರ ಎಣಿಸಿ. ‘ಚೆನ್ನಾಗಿದೆ’ ಎಂದವರನ್ನು ಎಣಿಸಬೇಡಿ. ಬೆಲೆ ಕೇಳಿದ ಮೇಲೂ ಕೊಳ್ಳುವ ಮನೆ ನಲವತ್ತೂ ಆಗದಿದ್ದರೆ ಯೋಜನೆಯನ್ನು ಕೂಲಿ ಗಾಣಕ್ಕೆ ಸೀಮಿತಗೊಳಿಸಿ, ಅಥವಾ ಊರು ಬದಲಿಸಿ.

ನಾಲ್ಕನೆಯದು: ಬೀಜ ಕೊಳ್ಳುವುದು

ಗಾಣ ನಡೆಸುವವರಿಗೆ ನಿಜವಾಗಿ ಬೇಕಾದ ವಿದ್ಯೆ ಇದು. ದೊಡ್ಡ ರಿಫೈನರಿಗಳು ಎಣ್ಣೆಯನ್ನು ಕ್ಷಾರದಿಂದ ತೊಳೆದು, ಬಣ್ಣ ವಾಸನೆ ತೆಗೆಯುತ್ತವೆ. ಬೀಜದ ದೋಷ ಅಲ್ಲಿ ಬಹುಪಾಲು ಹೋಗುತ್ತದೆ. ಗಾಣದ ಎಣ್ಣೆಗೆ ಅಂಥ ಎರಡನೆಯ ಅವಕಾಶ ಇಲ್ಲ. ಬೀಜದಲ್ಲಿ ಏನಿದೆಯೋ ಅದೇ ಬಾಟಲಿಗೆ ಬರುತ್ತದೆ. ಶೇಂಗಾಕ್ಕೆ ಹತ್ತುವ ಹಸಿರು-ಹಳದಿ ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ, ಅದು ಅಡುಗೆಯ ಬಿಸಿಗೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಬಣ್ಣ ಬದಲಾದ, ಮುರುಟಿದ, ಹುಳ ತಿಂದ, ಸಿಪ್ಪೆ ಸುಲಿದು ಕಪ್ಪಾದ ಬೀಜವನ್ನು ಕೈಯಿಂದ ಆರಿಸಿ ತೆಗೆಯುವುದು ಬಿಡಲಾಗದ ಕೆಲಸ. ಆ ಬೀಜವನ್ನು ಹಿಂಡಿಗೂ ಸೇರಿಸಬಾರದು, ದನಕ್ಕೂ ಹಾಕಬಾರದು.

ಕೊಳ್ಳುವಾಗ ಚೀಲದ ಬಾಯಿಯ ಬೀಜ ನೋಡಿ ಒಪ್ಪಬೇಡಿ. ಚೀಲದ ನಡುವಿನಿಂದ ಮತ್ತು ತಳದಿಂದ ಮಾದರಿ ತೆಗೆಸಿ. ಬೀಜವನ್ನು ಹಲ್ಲಿನಿಂದ ಕಚ್ಚಿದರೆ ಟಕ್ಕೆಂದು ಒಡೆಯಬೇಕು. ಮೆತ್ತಗೆ ಬಾಗಿದರೆ ತೇವ ಹೆಚ್ಚಿದೆ. ಕಹಿ ಬಂದರೆ ಹಳೆಯದು. ತೇವ ಅಳೆಯುವ ಸಣ್ಣ ಮೀಟರು ಒಂದಿದ್ದರೆ ವ್ಯಾಪಾರಿಯ ಜೊತೆ ವಾದವೇ ಬೇಡ: ಬೀಜದಲ್ಲಿ ತೇವ ನೂರಕ್ಕೆ 7 ದಾಟಬಾರದು. 9ರ ತೇವದ ಬೀಜ ಕೊಂಡರೆ ಪ್ರತಿ ಕ್ವಿಂಟಲಿಗೆ ಎರಡು ಕೆಜಿ ನೀರಿಗೆ ಬೀಜದ ದುಡ್ಡು ಕೊಟ್ಟಂತೆ, ಮೇಲೆ ಬೂಸ್ಟಿನ ಭಯ ಬೇರೆ.

ಕಾಯಿಯಾಗಿ ಕೊಳ್ಳುವುದೋ ಬೀಜವಾಗಿಯೋ ಎಂಬ ಪ್ರಶ್ನೆ ಬರುತ್ತದೆ. ಒಳ್ಳೆಯ ಕಾಯಿ ಒಂದು ಕ್ವಿಂಟಲಿಗೆ 68ರಿಂದ 72 ಕೆಜಿ ಬೀಜ ಕೊಡುತ್ತದೆ. ಸಿಪ್ಪೆಯೊಳಗಿನ ಬೀಜ ಹೆಚ್ಚು ಕಾಲ ಕೆಡದೆ ಉಳಿಯುವುದರಿಂದ ಜಾಗ ಇದ್ದವರು ಸುಗ್ಗಿಯಲ್ಲಿ ಕಾಯಿ ಕೊಂಡಿಟ್ಟು ತಿಂಗಳಿಗೆ ಬೇಕಾದಷ್ಟೇ ಒಡೆಸಿಕೊಳ್ಳುವುದು ಮೇಲು. ಮುಂಗಾರಿನ ಶೇಂಗಾ ಮಾರುಕಟ್ಟೆಗೆ ಬರುವುದು ಅಕ್ಟೋಬರ್-ನವೆಂಬರ್‌ನಲ್ಲಿ, ಬೇಸಿಗೆಯದ್ದು ಏಪ್ರಿಲ್-ಮೇನಲ್ಲಿ. ಆದರೆ ವರ್ಷಕ್ಕಾಗುವಷ್ಟು ಒಮ್ಮೆಲೇ ತುಂಬಿಡಬೇಡಿ. ಮೊದಲ ವರ್ಷ ಒಂದೂವರೆ ತಿಂಗಳ ಸರಕು ಸಾಕು. ಚೀಲಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಜೋಡಿಸಿ.

ಕೊಬ್ಬರಿಗೆ ಬೇರೆ ಎಚ್ಚರ. ತಿಪಟೂರಿನ ಉಂಡೆ ಕೊಬ್ಬರಿ ತಿನ್ನುವುದಕ್ಕೆ ಹೆಸರಾದದ್ದು, ದುಬಾರಿ. ಎಣ್ಣೆಗೆ ಒಡೆದು ಒಣಗಿಸಿದ ಹೋಳು ಕೊಬ್ಬರಿ ಸಾಕು. ಗಂಧಕದ ಹೊಗೆ ಕೊಟ್ಟು ಬೆಳ್ಳಗೆ ಮಾಡಿದ ಕೊಬ್ಬರಿಯನ್ನು ಮುಟ್ಟಬೇಡಿ. ಮೂಸಿ ನೋಡಿದರೆ ಬೆಂಕಿಕಡ್ಡಿ ಗೀರಿದ ವಾಸನೆ ಬರುತ್ತದೆ.

ಐದನೆಯದು: ಜಾಗ, ಕರೆಂಟು, ಗಾಣ

ಮುನ್ನೂರರಿಂದ ನಾನೂರು ಚದರಡಿ ಸಾಕು. ಆದರೆ ಅದರೊಳಗೆ ಬೀಜದ ಮೂಲೆ, ಗಾಣದ ಜಾಗ, ಎಣ್ಣೆ ತುಂಬುವ ಕೋಣೆ ಬೇರೆಬೇರೆ ಇರಬೇಕು. ಬೀಜದ ದೂಳು ಎಣ್ಣೆಯ ಕೋಣೆಗೆ ಬರಬಾರದು, ಎಣ್ಣೆಯ ಕೋಣೆಗೆ ನೇರ ಬಿಸಿಲು ಬೀಳಬಾರದು. ನೆಲ ತೊಳೆಯಲು ಬರುವಂತಿರಲಿ. ಬೀಜ ಒಣಗಿಸಲು ತಾರಸಿ ಅಥವಾ ಅಂಗಳ ಇಲ್ಲದ ಜಾಗವನ್ನು ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬಿಡಿ. ಮಳೆಗಾಲದಲ್ಲಿ ಬೀಜಕ್ಕೆ ಎರಡು ತಾಸು ಬಿಸಿಲು ಕೊಡಲಾಗದಿದ್ದರೆ ಇಳುವರಿ ಇಳಿಯುತ್ತದೆ.

ಬಾಡಿಗೆ ಕರಾರಿನಲ್ಲಿ ‘ಎಣ್ಣೆ ಗಾಣ ನಡೆಸಲು’ ಎಂದೇ ಬರೆಸಿ, ಕನಿಷ್ಠ ಐದು ವರ್ಷದ ಅವಧಿ ಇರಲಿ. ಬ್ಯಾಂಕು, ಬೆಸ್ಕಾಂ ಅಥವಾ ಹೆಸ್ಕಾಂ, ಪಂಚಾಯಿತಿ ಎಲ್ಲರೂ ಇದನ್ನೇ ಕೇಳುತ್ತಾರೆ. ವಿದ್ಯುತ್ ಸಂಪರ್ಕಕ್ಕೆ ಕೈಗಾರಿಕಾ ದರಪಟ್ಟಿಯಡಿ, ಅಂದರೆ ಎಲ್‌ಟಿ-5ರಲ್ಲಿ, ಮೂರು ಫೇಸ್‌ಗೆ ಅರ್ಜಿ ಹಾಕಿ. ಮನೆಯ ಮೀಟರಿನಿಂದಲೋ ಪಂಪ್‌ಸೆಟ್ಟಿನ ಲೈನಿನಿಂದಲೋ ಗಾಣ ತಿರುಗಿಸಿದರೆ ಜಾಗೃತ ದಳದ ದಂಡ ಬೀಳುತ್ತದೆ. ಹೊಸ ಸಂಪರ್ಕಕ್ಕೆ ಕಂಬ, ತಂತಿ ಬೇಕಾದರೆ ಖರ್ಚೂ ಕಾಲವೂ ಹೆಚ್ಚುತ್ತವೆ. ಆದ್ದರಿಂದ ಜಾಗ ಒಪ್ಪುವ ಮೊದಲೇ ಸೆಕ್ಷನ್ ಆಫೀಸಿಗೆ ಹೋಗಿ ಆ ಟ್ರಾನ್ಸ್‌ಫಾರ್ಮರಿನಲ್ಲಿ ಲೋಡು ಉಳಿದಿದೆಯೇ ಎಂದು ಕೇಳಿಕೊಂಡು ಬನ್ನಿ.

ಈಗ ಗಾಣ. ಒರಳು ಮತ್ತು ಒನಕೆಗೆ ವಾಗೆ, ಹುಣಸೆಯಂಥ ಗಟ್ಟಿ ಮರ ಬಳಸುತ್ತಾರೆ. ಮರ ಚೆನ್ನಾಗಿ ಒಣಗಿ ಹದವಾಗಿರದಿದ್ದರೆ ಮೊದಲ ಬೇಸಿಗೆಯಲ್ಲೇ ಸೀಳುತ್ತದೆ. ಸುತ್ತು ನಿಮಿಷಕ್ಕೆ ಹನ್ನೆರಡರಿಂದ ಹದಿನೈದರ ಸುಮಾರಿಗಿರಲಿ. ವೇಗ ಹೆಚ್ಚಿಸಿದರೆ ಬ್ಯಾಚ್ ಬೇಗ ಮುಗಿಯುತ್ತದೆ, ಎಣ್ಣೆ ಬಿಸಿಯಾಗುತ್ತದೆ, ಗಾಣದ ಎಣ್ಣೆ ಎಂದು ಹೆಚ್ಚಿನ ಬೆಲೆ ಕೇಳುವುದಕ್ಕೆ ಆಧಾರವೇ ಇರುವುದಿಲ್ಲ. ಮಾರುವವರ ಬಳಿ ನಾಲ್ಕು ವಿಷಯ ಬರಹದಲ್ಲಿ ತೆಗೆದುಕೊಳ್ಳಿ: ಮರ ಯಾವುದು, ಒನಕೆ ಸವೆದರೆ ಬದಲಿಗೆ ಎಷ್ಟು ಬೆಲೆ ಮತ್ತು ಎಷ್ಟು ದಿನ, ಗೇರ್‌ಬಾಕ್ಸಿಗೆ ಖಾತರಿ ಎಷ್ಟು, ರಿಪೇರಿಗೆ ಬರುವವರು ಎಲ್ಲಿಂದ ಬರುತ್ತಾರೆ. ಕಾರ್ಖಾನೆಗೇ ಹೋಗಿ, ನಿಮ್ಮ ಬೀಜ ಹಾಕಿಸಿ, ನಿಮ್ಮ ಎದುರು ಆಡಿಸಿಕೊಂಡು ಉಳಿದ ಹಣ ಕೊಡಿ. ಎಣ್ಣೆ ಮುಟ್ಟುವ ಪಾತ್ರೆ, ತೊಟ್ಟಿ, ನಲ್ಲಿ ಎಲ್ಲ 304 ದರ್ಜೆಯ ಸ್ಟೀಲಿನವೇ ಇರಬೇಕು. ಕಬ್ಬಿಣ, ಹಿತ್ತಾಳೆ, ತಾಮ್ರದ ನಂಟಿನಿಂದ ಎಣ್ಣೆ ಬೇಗ ಕಮಟು ಹಿಡಿಯುತ್ತದೆ.

ಹೊಸ ಮರ ಮೊದಲ ಕೆಲವು ಬ್ಯಾಚ್‌ಗಳಲ್ಲಿ ಎಣ್ಣೆ ಕುಡಿಯುತ್ತದೆ, ತನ್ನ ವಾಸನೆಯನ್ನೂ ಬಿಡುತ್ತದೆ. ಆ ಎಣ್ಣೆಯನ್ನು ಮಾರಬೇಡಿ, ಆ ಇಳುವರಿ ನೋಡಿ ಗಾಬರಿಯನ್ನೂ ಪಡಬೇಡಿ.

ಆರನೆಯದು: ಹಣ

ಒಂದು ಉದಾಹರಣೆ ಪಟ್ಟಿ: ಗಾಣ ಮತ್ತು ಮೋಟರಿಗೆ 1,80,000, ತೊಟ್ಟಿ, ಸೋಸುವ ಸಾಧನಕ್ಕೆ 60,000, ತಕ್ಕಡಿ, ತುಂಬುವ ಮತ್ತು ಮುಚ್ಚುವ ಸಾಧನಕ್ಕೆ 25,000, ವಿದ್ಯುತ್ತಿಗೆ 40,000, ನೆಲ ಗೋಡೆಗೆ 60,000, ಪರವಾನಗಿ, ಲೇಬಲ್, ಪರೀಕ್ಷೆಗೆ 25,000. ಒಟ್ಟು 3,90,000. ಇಷ್ಟಕ್ಕೇ ನಿಲ್ಲಿಸಿದವರು ಎರಡನೇ ತಿಂಗಳಲ್ಲಿ ಬೀಜ ಕೊಳ್ಳಲು ಕೈಗಡ ಮಾಡುತ್ತಾರೆ. ದಿನಕ್ಕೆ ಎರಡು ಬ್ಯಾಚಿನಂತೆ ತಿಂಗಳಿಗೆ ಎಂಟು ಕ್ವಿಂಟಲು ಬೀಜ ಬೇಕು. ಒಂದೂವರೆ ತಿಂಗಳ ಸರಕಿಗೇ 1,55,000 ದಾಟುತ್ತದೆ. ಬಾಟಲಿ, ಅಂಗಡಿಯ ಬಾಕಿ, ಎರಡು ತಿಂಗಳ ಕೂಲಿ ಸೇರಿಸಿ ದುಡಿಯುವ ಬಂಡವಾಳ ಎಂದು ಎರಡೂವರೆ ಲಕ್ಷವನ್ನು ಬೇರೆಯಾಗಿಯೇ ಬರೆಯಿರಿ, ಬ್ಯಾಂಕಿನಲ್ಲೂ ಬೇರೆಯಾಗಿಯೇ ಕೇಳಿ.

ಮುದ್ರಾ ಸಾಲದಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ವಿಭಾಗಗಳಿವೆ. ಸಹಾಯಧನ ಬೇಕಾದವರು ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆ ನೋಡಬೇಕು. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಯೋಜನಾ ವೆಚ್ಚದ ನೂರಕ್ಕೆ 35, ಗರಿಷ್ಠ 10 ಲಕ್ಷ, ಸಾಲದ ಜೊತೆ ಸೇರಿ ಬರುತ್ತದೆ. ಕರ್ನಾಟಕ ಸರ್ಕಾರ ತನ್ನ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮವಾದ ಕೆಪೆಕ್ ಮೂಲಕ ಅದರ ಮೇಲೆ ಇನ್ನೂ ನೂರಕ್ಕೆ 15 ಸೇರಿಸಿತು. ಹೊಸ ಉದ್ಯಮಗಳಿಗೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆ ಇನ್ನೊಂದು ದಾರಿ. ಎರಡನ್ನೂ ಒಂದೇ ಘಟಕಕ್ಕೆ ಪಡೆಯಲಾಗದು. ಯಾವ ಯೋಜನೆ ಈಗ ಅರ್ಜಿ ತೆಗೆದುಕೊಳ್ಳುತ್ತಿದೆ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಕೃಷಿ ಇಲಾಖೆಯ ಕಚೇರಿಯಲ್ಲಿ ಕೇಳಿ. ಸಾಲ ಮಂಜೂರಾಗುವ ಮೊದಲೇ ಯಂತ್ರ ಕೊಂಡರೆ ಸಹಾಯಧನ ಕೈತಪ್ಪಬಹುದು. ಸಹಾಯಧನದ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಕೂತಿರುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ಅದನ್ನು ನಂಬಿ ಬೀಜ ಕೊಳ್ಳುವ ಲೆಕ್ಕ ಹಾಕಬೇಡಿ.

ಯೋಜನಾ ವರದಿ ಬರೆಯುವುದು, ಲೆಕ್ಕ ಇಡುವುದು ಹೊಸದಾದರೆ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದೇ ಮಾದರಿಯ ಜಿಲ್ಲಾ ತರಬೇತಿ ಕೇಂದ್ರಗಳು ಊಟ ವಸತಿಯೊಂದಿಗೆ ಉಚಿತ ತರಬೇತಿ ಕೊಡುತ್ತವೆ.

ಏಳನೆಯದು: ಕಾಗದಪತ್ರ ಮತ್ತು ಲೇಬಲ್

ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಉಚಿತ. ಇದಕ್ಕೆ ದುಡ್ಡು ಕೇಳುವ ಜಾಲತಾಣ ನಕಲಿ. ವ್ಯಾಪಾರ ಪರವಾನಗಿ ಪಂಚಾಯಿತಿ ಅಥವಾ ಪುರಸಭೆಯಲ್ಲಿ. ಆಹಾರ ಪರವಾನಗಿ ಆಹಾರ ಸುರಕ್ಷತಾ ಪ್ರಾಧಿಕಾರದ ಫೋಸ್ಕೋಸ್ ಜಾಲತಾಣದಲ್ಲಿ: 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷದ ವಹಿವಾಟನ್ನು ಗೆರೆಯಾಗಿಟ್ಟು, ಅದರೊಳಗಿನವರಿಗೆ ಸರಳ ನೋಂದಣಿ, ಮೇಲಿನವರಿಗೆ ಪರವಾನಗಿ ಎಂದು ವಿಂಗಡಿಸಿತು. ಇಂಥ ಮಿತಿಗಳು ತಿದ್ದುಪಡಿಯಾಗುತ್ತವೆ, ಅರ್ಜಿ ಹಾಕುವ ದಿನ ನೋಡಿಕೊಳ್ಳಿ. ತಿಂಗಳಿಗೆ 339 ಲೀಟರ್ 400ರಂತೆ ಮಾರಿದರೆ ವರ್ಷಕ್ಕೆ 16 ಲಕ್ಷ ದಾಟುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟು ಅರ್ಜಿ ತುಂಬಿ. ಜಿಎಸ್‌ಟಿಗೆ ರಾಜ್ಯದೊಳಗೆ ಸರಕು ಮಾರುವವರ ಮಿತಿ 40 ಲಕ್ಷ. ಆದರೆ ರಾಜ್ಯದ ಗಡಿ ದಾಟಿ ಹೊಸೂರಿಗೋ ಸೊಲ್ಲಾಪುರಕ್ಕೋ ಮಾರಿದ ಮೊದಲ ಪೆಟ್ಟಿಗೆಯಿಂದಲೇ ನೋಂದಣಿ ಕಡ್ಡಾಯ.

ಖಾದ್ಯ ತೈಲವನ್ನು ಡ್ರಮ್ಮಿನಿಂದ ಬಿಡಿಯಾಗಿ ಅಳೆದು ಮಾರುವುದು ನಿಯಮಬಾಹಿರ. ಪ್ಯಾಕ್ ಮಾಡಿಯೇ ಮಾರಬೇಕು. ಗಿರಾಕಿಯ ಸ್ವಂತ ಬೀಜಕ್ಕೆ ಕೂಲಿ ಪಡೆಯುವುದು ಬೇರೆ, ಅದು ಸೇವೆ. ಪ್ಯಾಕ್ ಮಾಡುವವರಾಗಿ ಕಾನೂನು ಮಾಪನ ಇಲಾಖೆಯಲ್ಲಿ ಶುರುಮಾಡಿದ 90 ದಿನದೊಳಗೆ ನೋಂದಾಯಿಸಿಕೊಳ್ಳಬೇಕು, ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು.

ಲೇಬಲ್ಲಿನಲ್ಲಿ ಇರಬೇಕಾದವು: ಎಣ್ಣೆಯ ಹೆಸರು, ಸಸ್ಯಾಹಾರದ ಹಸಿರು ಗುರುತು, 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಕರ ಪೂರ್ತಿ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಬಳಸಬೇಕಾದ ಕೊನೆಯ ದಿನ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಪೋಷಕಾಂಶಗಳ ಪಟ್ಟಿ, ದೂರಿಗೆ ಫೋನ್ ಮತ್ತು ಇಮೇಲ್, ಅಲರ್ಜಿ ಇರುವವರಿಗಾಗಿ ‘ಶೇಂಗಾ ಇದೆ’ ಎಂಬ ಸೂಚನೆ. ಒಂದೇ ಗಾಣದಲ್ಲಿ ಶೇಂಗಾ ಆಡಿಸಿ ಆಮೇಲೆ ಕೊಬ್ಬರಿ ಆಡಿಸುವವರು ಕೊಬ್ಬರಿ ಎಣ್ಣೆಯ ಲೇಬಲ್ಲಿನಲ್ಲೂ ಈ ಎಚ್ಚರಿಕೆ ಬರೆಯಬೇಕು. ಪ್ರಮಾಣವನ್ನು ಲೀಟರಿನಲ್ಲೂ ಗ್ರಾಮಿನಲ್ಲೂ ಬರೆಯಿರಿ: 1 ಲೀಟರ್, 910 ಗ್ರಾಂ. ತುಂಬುವಾಗ ಅಳತೆ ಗೆರೆ ನೋಡದೆ ತಕ್ಕಡಿಯ ಮೇಲೆ ತೂಗಿಯೇ ತುಂಬಿ, ಯಾಕೆಂದರೆ ಬೇಸಿಗೆಯಲ್ಲಿ ಎಣ್ಣೆ ಹಿಗ್ಗುತ್ತದೆ. ಗೆರೆಯವರೆಗೆ ತುಂಬಿದ ಬಾಟಲಿ ತೂಕಕ್ಕೆ ಕಡಿಮೆ ಬಂದರೆ ದಂಡ ನಿಮ್ಮದು. ಕೊಲೆಸ್ಟ್ರಾಲ್ ಓಡಿಸುತ್ತದೆ, ಹೃದಯಕ್ಕೆ ಹಿತ, ಸಕ್ಕರೆ ಕಾಯಿಲೆಗೆ ಮದ್ದು ಎಂಬ ಮಾತುಗಳನ್ನು ಲೇಬಲ್ಲಿಗೂ ವಾಟ್ಸಾಪಿಗೂ ಹಾಕಬೇಡಿ. ಕಾನೂನೂ ಒಪ್ಪುವುದಿಲ್ಲ, ಗಾಣದ ಎಣ್ಣೆಗೆ ಅದರ ಅಗತ್ಯವೂ ಇಲ್ಲ. ಬೀಜ ಎಲ್ಲಿಯದು, ಯಾವ ದಿನ ಆಡಿಸಿದ್ದು ಎಂದು ಬರೆಯಿರಿ.

ಎಂಟನೆಯದು: ಆಡಿಸುವಾಗ ಎಲ್ಲಿ ಕೆಡುತ್ತದೆ

ಬೀಜಕ್ಕೆ ಬೆಳಗಿನ ಬಿಸಿಲು ಕೊಟ್ಟು, ಬೆಚ್ಚಗಿರುವಾಗಲೇ ಒರಳಿಗೆ ಹಾಕಿ. ಹತ್ತು ಹದಿನೈದು ನಿಮಿಷ ಪುಡಿಯಾದ ಮೇಲೆ ನೀರು ಚಿಮುಕಿಸುತ್ತಾರೆ. ನೀರು ಬೀಜದ ಪುಡಿಯನ್ನು ಒಟ್ಟುಗೂಡಿಸಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. 15 ಕೆಜಿಗೆ 300 ಮಿಲಿ ಬಿಸಿನೀರಿನಿಂದ ಶುರುಮಾಡಿ, ಎರಡು ಮೂರು ಸಲಕ್ಕೆ ಹಂಚಿ ಹಾಕಿ. ಒಣಹವೆಯಲ್ಲಿ 450 ಮಿಲಿವರೆಗೂ ಬೇಕಾಗಬಹುದು. ಕಡಿಮೆಯಾದರೆ ಹಿಂಡಿ ಪುಡಿಪುಡಿಯಾಗಿಯೇ ಉಳಿದು ಎಣ್ಣೆ ಬಿಡುವುದಿಲ್ಲ. ಹೆಚ್ಚಾದರೆ ಹಿಂಡಿ ಒನಕೆಗೆ ಅಂಟಿ ಸುತ್ತುತ್ತದೆ, ಎಣ್ಣೆ ಹಾಲಿನಂತೆ ಕದಡಿ ಬರುತ್ತದೆ, ಆ ತೇವ ಬಾಟಲಿಗೆ ಹೋದರೆ ತಿಂಗಳೊಳಗೆ ಕಮಟು. ಎಳ್ಳಿಗೆ ನೀರಿನ ಜೊತೆ ಒಂದಿಷ್ಟು ಬೆಲ್ಲ ಹಾಕುವ ಪದ್ಧತಿಯಿದೆ. ಹಿಂಡಿ ಹಿಡಿದುಕೊಳ್ಳಲು ಅದು ನೆರವಾಗುತ್ತದೆ. ಹಾಕಿದರೆ ಲೇಬಲ್ಲಿನಲ್ಲಿ ಬರೆಯಿರಿ.

ಇಳಿದ ಎಣ್ಣೆಯನ್ನು ತಳದಿಂದ ಮೂರು ಇಂಚು ಮೇಲೆ ನಲ್ಲಿಯಿರುವ ಸ್ಟೀಲ್ ತೊಟ್ಟಿಯಲ್ಲಿ ಐದರಿಂದ ಏಳು ದಿನ ನಿಲ್ಲಿಸಿ. ಅವಸರಕ್ಕೆ ಎರಡನೇ ದಿನವೇ ತುಂಬಿದರೆ ಬಾಟಲಿಯ ತಳದಲ್ಲಿ ಗಸಿ ಕೂರುತ್ತದೆ. ಕಾಯಿಸಿದಾಗ ನೊರೆ ಉಕ್ಕುತ್ತದೆ, ಗಿರಾಕಿ ಕಲಬೆರಕೆ ಎನ್ನುತ್ತಾರೆ. ತಿಳಿಯನ್ನು ಒಣಗಿದ ದಪ್ಪ ಹತ್ತಿ ಬಟ್ಟೆಯಲ್ಲಿ ಸೋಸಿ, ಬಾಟಲಿಯನ್ನು ಕತ್ತಿನವರೆಗೂ ತುಂಬಿ. ಒಳಗೆ ಉಳಿದ ಗಾಳಿಯೂ ಎಣ್ಣೆ ಕೆಡಿಸುತ್ತದೆ. ಕೊಬ್ಬರಿ ಎಣ್ಣೆಗೆ ಅಗಲ ಬಾಯಿಯ ಬಾಟಲಿ ಬೇಕು, 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ದಿನದ ಕೊನೆಗೆ ಒರಳಿನ ಸಂದುಗಳಿಂದ ಹಿಂಡಿಯನ್ನು ಕೆರೆದು ತೆಗೆಯಿರಿ, ನೀರಿನಲ್ಲಿ ತೊಳೆಯಬೇಡಿ. ಗಾಣ ಹತ್ತು ದಿನ ನಿಂತಿದ್ದರೆ ಮರದಲ್ಲಿ ಇಂಗಿದ ಎಣ್ಣೆ ಹಳಸಿರುತ್ತದೆ. ಮತ್ತೆ ಶುರುಮಾಡುವಾಗಿನ ಮೊದಲ ಬ್ಯಾಚನ್ನು ಬಾಟಲಿಗೆ ಸೇರಿಸಬೇಡಿ.

ಮೊದಲ ಬಾರಿಗೆ ಮಾರುವ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಆಮ್ಲೀಯತೆ, ಎಣ್ಣೆ ಹಳಸಲು ಶುರುವಾಗಿದೆಯೇ ಎಂದು ತೋರಿಸುವ ಪೆರಾಕ್ಸೈಡ್ ಮಟ್ಟ, ತೇವ, ಅಫ್ಲಾಟಾಕ್ಸಿನ್ ನಾಲ್ಕನ್ನೂ ಪರೀಕ್ಷಿಸಿ. ಬಾಳಿಕೆ ಎಷ್ಟು ತಿಂಗಳು ಎಂಬುದನ್ನು ಬೇರೆಯವರ ಬಾಟಲಿ ನೋಡಿ ಬರೆಯಬೇಡಿ. ಕೂಲಿ ಗಾಣದಲ್ಲಿ ಆಡಿಸಿ ತಂದ ಎಣ್ಣೆಯಲ್ಲಿ ಆರು ಬಾಟಲಿ ಕಪಾಟಿನಲ್ಲಿಟ್ಟು, ತಿಂಗಳಿಗೊಂದು ತೆರೆದು ಮೂಸಿ ನೋಡಿ. ವಾಸನೆ ಬದಲಾದ ತಿಂಗಳಿಗಿಂತ ಎರಡು ತಿಂಗಳು ಹಿಂದಕ್ಕೆ ದಿನಾಂಕ ಇಡಿ. ಗಾಣ ಶುರುವಾದ ಮೇಲೂ ಪ್ರತಿ ಬ್ಯಾಚಿನಿಂದ 100 ಮಿಲಿಯ ಒಂದು ಶೀಷೆ ತೆಗೆದಿಟ್ಟು, ಮೇಲೆ ಬ್ಯಾಚ್ ಸಂಖ್ಯೆ, ಬೀಜ ಕೊಟ್ಟವರ ಹೆಸರು ಅಂಟಿಸಿ. ದೂರು ಬಂದರೆ ಶೀಷೆ ತೆರೆದು ನೋಡಿ: ಅದೂ ಕಮಟಾಗಿದ್ದರೆ ದೋಷ ಬೀಜದ್ದೋ ತೇವದ್ದೋ, ಆ ಬ್ಯಾಚಿನ ಎಲ್ಲ ಬಾಟಲಿಗಳನ್ನೂ ವಾಪಸು ತರಿಸಿ. ಶೀಷೆ ಚೆನ್ನಾಗಿದ್ದರೆ ಬಾಟಲಿ ಅಂಗಡಿಯ ಬಿಸಿಲಿನಲ್ಲಿ ಕೂತಿತ್ತೇ ಎಂದು ಹೋಗಿ ನೋಡಿ.

ಇಷ್ಟಕ್ಕೆಲ್ಲ ಕಾಲ ಬೇಕು. ನವೆಂಬರಿನ ಹೊಸ ಬೀಜಕ್ಕೆ ಗಾಣ ಸಿದ್ಧವಾಗಬೇಕಾದರೆ ಕೂಲಿ ಗಾಣದ ಪ್ರಯೋಗ ಮತ್ತು ಲೆಕ್ಕ ಏಪ್ರಿಲ್-ಮೇನಲ್ಲಿ, ಜಾಗ ಮತ್ತು ಸಾಲದ ಅರ್ಜಿ ಜೂನ್-ಜುಲೈನಲ್ಲಿ, ಕರೆಂಟು ಮತ್ತು ಗಾಣದ ಆರ್ಡರ್ ಆಗಸ್ಟ್‌ನಲ್ಲಿ, ಮರ ಹದಗೊಳಿಸುವುದು ಅಕ್ಟೋಬರಿನಲ್ಲಿ. ಸಾಲ ತಡವಾಗಿ ಗಾಣ ಜನವರಿಗೆ ಬಂದರೆ ಆ ವರ್ಷ ಬೀಜ ಕೂಡಿಡಲು ಹೋಗಬೇಡಿ. ಸಂಕ್ರಾಂತಿಯ ಎಳ್ಳು ಮತ್ತು ಕೂಲಿ ಕೆಲಸದಿಂದ ಶುರುಮಾಡಿ, ಬೇಸಿಗೆ ಶೇಂಗಾ ಬರುವವರೆಗೆ ವಾರಕ್ಕೆ ಬೇಕಾದಷ್ಟೇ ಕೊಳ್ಳಿ.